ಎಣ್ಣೆ ಡಬ್ಬಿಯೊಳಗಿನ ದೆವ್ವ

ಪುಣೆಯ ಹಳೆಯ ಪೇಠೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮುಚ್ಚಿರುತ್ತವೆ. ಆ ಹೊತ್ತಿನಲ್ಲಿ ದೇವರೇ ಬಂದು ಬೆಲ್ಲ ಕೇಳಿದರೂ ನಾಲ್ಕಕ್ಕೆ ಬಾ ಎನ್ನುತ್ತಾರೆ. ಊರೆಲ್ಲ ಉಂಡು ಅಡ್ಡಾಗುವ ಆ ಹೊತ್ತಿಗೆ ಸರಿಯಾಗಿ, ತೊಂಬತ್ತರ ದಶಕದ ಒಂದು ವರ್ಷವಿಡೀ, ನಮ್ಮ ಪೇಠೆಯ ಟಿವಿಗಳಲ್ಲಿ ಪ್ರತಿ ಶನಿವಾರ ಒಂದು ದೆವ್ವ ಕಾಣಿಸಿಕೊಳ್ಳುತ್ತಿತ್ತು. ಬೇರೆ ಕಡೆಯ ದೆವ್ವಗಳು ನಡುರಾತ್ರಿ ಬರುತ್ತವೆಂದು ಕೇಳಿದ್ದೇನೆ. ನಮ್ಮದು ಒಂದೂವರೆಗೆ ಬರುತ್ತಿತ್ತು. ಯಾಕೆಂದರೆ ನಾಲ್ಕಕ್ಕೆ ಅದು ಅಂಗಡಿಗೆ ಹೋಗಿ ಜೋಳ ಅಳೆಯಬೇಕಿತ್ತು.

ಆ ದೆವ್ವ ನನ್ನ ಅಣ್ಣ.

ಇದು ಈಗ ನಮ್ಮ ಬಳಗಕ್ಕೆಲ್ಲ ಗೊತ್ತಿರುವ ನಗೆಮಾತು. ಅವನು ದೆವ್ವವಾದದ್ದು, ಒಂದೇ ಒಂದು ಮಾತಿನಿಂದ ಸಿಕ್ಕಿಬಿದ್ದದ್ದು, ಮದುವೆಮನೆ, ಕುಬಸದ ಮನೆ ಎಲ್ಲೆಂದರಲ್ಲಿ ಯಾರಾದರೂ ತೆಗೆಯುತ್ತಾರೆ. ಆಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು. ಅಷ್ಟು ಜೋರಾಗಿ ಯಾಕೆ ನಗುತ್ತಿದ್ದೆ ಎಂಬುದನ್ನು ಈಗ ಬರೆಯುತ್ತೇನೆ.

ನಮ್ಮಪ್ಪ ಬಿಜಾಪುರದ ಕಡೆಯವನು. ಪುಣೆಗೆ ಬಂದು ನಮ್ಮ ಕಡೆಯವರದೇ ಒಂದು ಕಾಳಿನ ಅಂಗಡಿಯಲ್ಲಿ ಅಳತೆಗೆ ನಿಂತಿದ್ದ. ಅವನು ತೀರಿಕೊಂಡ ಮೇಲೆ ಅಣ್ಣ ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಅದೇ ಜಾಗದಲ್ಲಿ ನಿಂತ. ಅವ್ವ ನಾಲ್ಕು ಮನೆಗೆ ರೊಟ್ಟಿ ಬಡಿಯಲು ಹೋಗತೊಡಗಿದಳು. ನಮ್ಮ ಮನೆಯ ಒಲೆ ನೋಡಿಕೊಳ್ಳಲೆಂದು ನಾನು ನಾಲ್ಕನೆಯದಕ್ಕೇ ಶಾಲೆ ಬಿಟ್ಟೆ. ಶಾಲೆಯಲ್ಲಿ ಕಲಿತದ್ದು ಮರಾಠಿ ಅಕ್ಷರ. ಕನ್ನಡದ ಅಕ್ಷರಗಳನ್ನು ಅಣ್ಣ ಕಲಿಸಿದ, ಊರಿಂದ ಚೀಲಗಳ ಜೊತೆ ಬರುತ್ತಿದ್ದ ಹಳೆಯ ಪೇಪರುಗಳ ಮೇಲೆ ಬೆರಳಿಟ್ಟು. ಹಾಗಾಗಿ ಈ ಬರಹದಲ್ಲಿ ತಪ್ಪು ಕಂಡರೆ ಅರ್ಧ ಅವನದು.

ನಾವಿದ್ದ ವಾಡೆ, ಅಂದರೆ ಮೂರು ಮಹಡಿಯ ಹಳೆಯ ವಠಾರದ ಹಿಂದಿನ ಓಣಿಯಲ್ಲಿ ಕೇಬಲ್‌ನವನ ಮನೆ. ಅವನು ಮದುವೆಗಳ ವಿಡಿಯೋ ತೆಗೆಯುತ್ತಿದ್ದ, ಪೇಠೆಗೆಲ್ಲ ತಂತಿ ಎಳೆದಿದ್ದ, ಮಧ್ಯಾಹ್ನ ತನ್ನದೇ ಒಂದು ಚಾನೆಲ್ಲಿನಲ್ಲಿ ಬಾಡಿಗೆ ಟೇಪು ಹಾಕಿ ಸಿನಿಮಾ ತೋರಿಸುತ್ತಿದ್ದ. ಶನಿವಾರ ದೆವ್ವದ ಸಿನಿಮಾ. ಟೇಪುಗಳು ಎಷ್ಟು ಸವೆದಿದ್ದವೆಂದರೆ ಬಿಳಿ ಸೀರೆ ಉಟ್ಟವರಲ್ಲಿ ನಾಯಕಿ ಯಾರು, ದೆವ್ವ ಯಾರು ಎಂದು ತಿಳಿಯುತ್ತಿರಲಿಲ್ಲ. ನಡುನಡುವೆ ಟೇಪು ಸಿಕ್ಕಿಕೊಂಡು ಪರದೆಯ ತುಂಬ ಇರುವೆ ಹರಿದಾಡುತ್ತಿದ್ದವು. ಜನ ಮನೆಗೇ ಬಂದು ಬೈಯತೊಡಗಿದರು. ಟೇಪು ಬಿಡಿಸಿ ಒರೆಸುವಷ್ಟು ಹೊತ್ತು ಮದುವೆ ಕ್ಯಾಮೆರಾದ ಮುಂದೆ ಕೂತು ಮಾತಾಡಲು ಅವನಿಗೆ ಒಬ್ಬ ಮನುಷ್ಯ ಬೇಕಾಗಿತ್ತು. ಜೋಳದ ಚೀಲ ಹೊತ್ತು ಅವರ ಮನೆಗೆ ಹೋದ ಅಣ್ಣ ಅಂಥ ಒಂದು ಹೊತ್ತಿನಲ್ಲಿ ಅಲ್ಲೇ ಕೂತುಬಿಟ್ಟ.

ಮುಖಕ್ಕೆ ಅಕ್ಕಿಹಿಟ್ಟು, ತಲೆಯ ಮೇಲೆ ಕರಿ ಕಂಬಳಿ, ಗದ್ದದ ಕೆಳಗೆ ಬ್ಯಾಟರಿ. ದನಿ ಗುರುತು ಸಿಗಬಾರದೆಂದು ಖಾಲಿ ಎಣ್ಣೆ ಡಬ್ಬಿಯೊಂದನ್ನು ಬಾಯಿಯ ಹತ್ತಿರ ಹಿಡಿದು ಅದರೊಳಗೆ ಮಾತಾಡುತ್ತಿದ್ದ. ಪೇಠೆಯ ಜನ ಅವನಿಗೆ ದುಪಾರಿ ಭೂತ, ಅಂದರೆ ಮಧ್ಯಾಹ್ನದ ದೆವ್ವ ಎಂದು ಹೆಸರಿಟ್ಟರು. ಕೇಬಲ್‌ನವನ ತಾಯಿಯ ದೇವರ ಗಂಟೆಯನ್ನು ಮೂರು ಸಲ ಬಾರಿಸಿ ಸಿನಿಮಾ ಶುರು ಮಾಡುತ್ತಿದ್ದ. "ಎಡಗಡೆ ನಿಂತವಳು ನಾಯಕಿ. ಬಲಗಡೆ ನಿಂತವಳು ಸತ್ತು ಹದಿನೈದು ವರ್ಷವಾಯಿತು. ಮರೆಯಬೇಡಿ," ಎಂದು ಮರಾಠಿಯಲ್ಲಿ ಗಡಗಡ ಹೇಳುತ್ತಿದ್ದ. ಟೇಪು ಸಿಕ್ಕಿಕೊಂಡಾಗ ಓಣಿಯ ಸುದ್ದಿಯೂ ಬರುತ್ತಿತ್ತು. "ಎರಡನೆಯ ಮಹಡಿಯವರೇ, ಮೋಡ ಆಗಿದೆ, ಹಪ್ಪಳ ತೆಗೆಯಿರಿ. ನಾಳೆ ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಹ್ಹ ಹ್ಹ ಹ್ಹಾ!" ಸಿನಿಮಾಕ್ಕೆ ಹೆದರದ ಹೆಂಗಸರೂ ಈ ಮಾತಿಗೆ ಎದೆ ಹಿಡಿದುಕೊಂಡು ಕೊಡ ಹುಡುಕುತ್ತಿದ್ದರು.

ಅವನು ಯಾರೆಂಬುದು ಕೇಬಲ್‌ನವನ ಮನೆ ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಒಂದು ಶನಿವಾರ ಅವನ ಕಿವಿಯ ಹಿಂದೆ ಹಿಟ್ಟು ಕಂಡು ಗುಟ್ಟು ಹಿಡಿದೆ. ಕಾಳಿನ ಅಂಗಡಿಯವನ ಕಿವಿಯಲ್ಲಿ ಜೋಳದ ದೂಳು ಇರಬಹುದು, ಅಷ್ಟು ಬೆಳ್ಳಗಿನ ಅಕ್ಕಿಹಿಟ್ಟು ಎಲ್ಲಿಂದ ಬರಬೇಕು? ಅಣ್ಣ ನನ್ನನ್ನು ದೇವರ ಗೂಡಿನ ಮುಂದೆ ಎಳೆದುಕೊಂಡು ಹೋದ. ಅವ್ವ ಜೇಜುರಿಯ ಗುಡಿಯಿಂದ ತಂದಿಟ್ಟ ಭಂಡಾರ ಅಲ್ಲಿತ್ತು. ಆ ಅರಿಶಿನ ಮುಟ್ಟಿ ನಾವು ಸುಳ್ಳು ಹೇಳುವುದಿಲ್ಲ.

"ಮುಟ್ಟು. ಯಾರಿಗೂ ಹೇಳಂಗಿಲ್ಲ ಅನ್ನು."

"ಯಾಕ? ಹೇಳಿದ್ರೇನಾಗ್ತದ?"

"ಸಾವಕಾರ್ರ ಕಿವಿಗೆ ಬಿತ್ತಂದ್ರ ಮುಗೀತು. ಅಳಿಯೋ ಕೈ ಲಕ್ಷ್ಮೀದು ಅಂತಾರ ಅವರು. ಲಕ್ಷ್ಮೀ ಕೈಯಾಗ ಬ್ಯಾಟ್ರಿ ಹಿಡಕೊಂಡು ಹ್ಹ ಹ್ಹ ಅಂತ ನಗ್ತಾಳೇನು?"

ನಗುತ್ತಲೇ ಮುಟ್ಟಿದೆ. ಆದರೆ ಅವನು ನಗುತ್ತಿರಲಿಲ್ಲ. "ವಾರದಾಗ ಆರು ದಿನ ನಾನು ಹೂಂ ರೀ, ಇಲ್ಲ ರೀ ಅಂತೀನಿ. ಆ ಡಬ್ಬ್ಯಾಗ ಅಷ್ಟ ಮಾತಾಡ್ತೀನಿ. ಅದೊಂದು ಇರ್ಲಿ ಬಿಡು ತಂಗಿ," ಅಂದ. ಆ ಮಾತು ನನಗೆ ಆಗ ಅಷ್ಟಾಗಿ ತಟ್ಟಲಿಲ್ಲ. ಹದಿನೈದು ವರ್ಷದ ಹುಡುಗಿ ನಾನು.

ಅವ್ವನಿಗಂತೂ ಆ ದೆವ್ವದ ಮೇಲೆ ವಿಪರೀತ ಭಯಭಕ್ತಿ. ಶನಿವಾರ ಬೆಳಗ್ಗೆ ಅಣ್ಣ ಅಂಗಡಿಗೆ ಹೊರಟರೆ ಹಣೆಗೆ ಭಂಡಾರ ಹಚ್ಚಿ ಹೇಳುತ್ತಿದ್ದಳು. "ಮಧ್ಯಾಹ್ನ ಆ ಹಿಂದಿನ ಓಣ್ಯಾಗ ಹಾಯಬ್ಯಾಡೋ ಮಗನ. ಆ ಭೂತ ಅಲ್ಲೇ ಎಲ್ಲೋ ಇರ್ತದಂತ."

"ಇಲ್ಲವ್ವಾ, ನಾ ಯಾಕ ಹಾಯಲಿ," ಎಂದು ದೆವ್ವ ತಲೆ ಬಗ್ಗಿಸಿ ಹಣೆ ಕೊಡುತ್ತಿತ್ತು.

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ವಾಡೆಯ ಕೆಳಮನೆಯಲ್ಲಿ ಒಬ್ಬ ಮರಾಠಿ ಹೆಂಗಸಿದ್ದಳು, ಎಲ್ಲರೂ ಕಾಕೂ ಎನ್ನುತ್ತಿದ್ದೆವು. ಅವಳ ಮನೆಯಲ್ಲಿ ಬಣ್ಣದ ಟಿವಿ. ನೋಡಲು ಬಂದವರನ್ನು ಕಾಕೂ ಎಂದೂ ಬೈದವಳಲ್ಲ, ಆದರೆ ಯಾರು ಎಲ್ಲಿ ಕೂರಬೇಕೆಂಬುದು ಅವಳ ಮನಸ್ಸಿನಲ್ಲಿ ಖಚಿತವಿತ್ತು. ಬ್ಯಾಂಕಿನವನ ಹೆಂಡತಿಗೆ ಕುರ್ಚಿ, ಮಾಸ್ತರರ ಹೆಣ್ಣುಮಕ್ಕಳಿಗೆ ದಿವಾನು, ರೊಟ್ಟಿ ಬಡಿಯುವವಳಿಗೂ ಅವಳ ಮಗಳಿಗೂ ಹೊಸ್ತಿಲ ಆಚೆ. ಆ ದಿವಾನಿನ ಮೇಲೆ ಕೆಂಪು ಹೂವಿನ ಚಾದರವಿತ್ತು. ಹೊಸ್ತಿಲಾಚೆ ಕೂತವಳಿಗೆ ಅರ್ಧ ಟಿವಿ ಕಂಡರೆ ಪೂರಾ ದಿವಾನು ಕಾಣುತ್ತಿತ್ತು. ಆ ವರ್ಷ ನಾನು ದೆವ್ವದ ಸಿನಿಮಾಕ್ಕಿಂತ ಆ ಹೂವುಗಳನ್ನೇ ಹೆಚ್ಚು ನೋಡಿದ್ದೇನೆ.

ಒಂದು ಗುರುವಾರ ನಲ್ಲಿಯ ಹತ್ತಿರ ಕಾಕೂ ಹೇಳಿದಳು, "ಆ ದುಪಾರಿ ಭೂತ ಇದೆಯಲ್ಲ, ಯಾವುದೋ ನಾಟಕ ಕಂಪನಿಯ ಕಲಿತ ಮನುಷ್ಯನೇ ಇರಬೇಕು ನೋಡೇ. ಎಂಥ ಮಾತು!"

ನಾನು ಕೊಡ ಕೆಳಗಿಟ್ಟೆ. "ಯಾರಂತ ಹೇಳಿದ್ರ ದಿವಾನಿನ ಮ್ಯಾಲೆ ಕುಂದ್ರಿಸ್ತೀರೇನು ಕಾಕೂ?" ಎಂದು ಮರಾಠಿಯಲ್ಲಿ ಕೇಳಿದೆ.

ಅಣ್ಣನ ಮೇಲಿನ ಹೆಮ್ಮೆಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮೊದಲು ದಿವಾನು ಕೇಳಿದೆ, ಅವಳು ಹೂಂ ಅಂದ ಮೇಲೆ ಅಣ್ಣನನ್ನು ಕೊಟ್ಟೆ. ನನ್ನ ಉಗುರಿನಲ್ಲಿ ಆಗಲೂ ಭಂಡಾರದ ಹಳದಿ ಇದ್ದರೆ ಆಶ್ಚರ್ಯವಿಲ್ಲ.

ಆ ಶನಿವಾರ ನನ್ನನ್ನು ಒಳಗೆ ಕರೆದು ದಿವಾನಿನ ಮೇಲೆ ಕೂರಿಸಿದರು. ಮಾಸ್ತರರ ಮಕ್ಕಳು ಸರಿದುಕೊಂಡರು. ಹೊಸ್ತಿಲಾಚೆ ಕೂತಿದ್ದ ಅವ್ವ "ಇದೇನ ಇದು" ಎಂಬಂತೆ ನನ್ನನ್ನೇ ನೋಡಿದಳು. ನಾನು ಚಾದರದ ಹೂವಿನ ಮೇಲೆ ಅಂಗೈ ಊರಿ ಟಿವಿ ಕಡೆ ತಿರುಗಿದೆ.

ಆ ದಿನ ಕೇಬಲ್‌ನವನ ಮನೆಯಲ್ಲಿ ಸತ್ಯನಾರಾಯಣ ಪೂಜೆಯಂತೆ. ಅವನ ತಾಯಿ ತನ್ನ ಗಂಟೆಯನ್ನು ವಾಪಸು ತೆಗೆದುಕೊಂಡಿದ್ದಳು. ಗಂಟೆ ಇಲ್ಲದಿದ್ದರೆ ಏನಂತೆ, ಮೂರು ಎಣಿಸಿ ಶುರು ಮಾಡು ಎಂದು ಕೇಬಲ್‌ನವನು ಹೇಳಿದ್ದ. ಅಣ್ಣ ಕಂಬಳಿ ಸರಿಮಾಡಿಕೊಂಡು, ಡಬ್ಬಿ ಎತ್ತಿ, ದನಿ ಇಳಿಸಿದ. "ಈಗ ಮೂರು ಎಣಿಸುತ್ತೇನೆ. ಮೂರನೆಯದಕ್ಕೆ ಸುಡುಗಾಡಿನ ಬಾಗಿಲು ತೆಗೆಯುತ್ತದೆ." ಆಮೇಲೆ ಎಣಿಸಿದ. "ಲಾಭ..."

ಕಾಳಿನ ಅಂಗಡಿಗಳಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಶುಭವಾಗಲೆಂದು ಹಾಗೆ. ನಮ್ಮ ಕಡೆಯೂ ಅದೇ, ಮರಾಠಿಯವರಲ್ಲೂ ಅದೇ. ಹನ್ನೆರಡನೆಯ ವಯಸ್ಸಿನಿಂದ ದಿನವಿಡೀ ಲಾಭ ಲಾಭ ಎಂದು ಎಣಿಸಿದವನ ಬಾಯಿಗೆ ಒಂದು ಎಂಬ ಮಾತೇ ಬರುವುದಿಲ್ಲ. ಸುಡುಗಾಡಿನ ಬಾಗಿಲನ್ನೂ ಅವನು ಲಾಭದಿಂದಲೇ ತೆಗೆದ. ಡಬ್ಬಿಯ ಹಿಂದೆ ಅವನ ಕಣ್ಣು ಒಂದು ಗಳಿಗೆ ನಿಂತದ್ದು ನನಗೆ ಕಂಡಿತು.

ದಿವಾನಿನ ಮೇಲಿದ್ದವರು ಏನೋ ಮಂತ್ರವಿರಬೇಕೆಂದು ಸುಮ್ಮನಿದ್ದರು. ಆದರೆ ಗುರುವಾರದಿಂದ ಹೊಟ್ಟೆಯಲ್ಲಿ ಗುಟ್ಟು ಇಟ್ಟುಕೊಂಡು ಸಾಕಾಗಿದ್ದ ಕಾಕೂಗೆ ಇದು ಹಬ್ಬವಾಯಿತು. "ಅಗಬಾಯಿ!" ಎಂದು ಎದ್ದು ನಿಂತಳು. "ಲಾಭ ಅಂದ, ಕೇಳಿದಿರಾ? ಇವನು ಕಾಳಿನ ಅಂಗಡಿಯವನು! ಆ ಹುಬ್ಬು ನೋಡಿ, ನಮ್ಮ ಮೇಲ್ಮನೆಯ ಹುಡುಗ! ನಾನು ಕಂಡುಹಿಡಿದೆ!" ಎಂದವಳೇ ಅಂಗಳಕ್ಕೆ ಹೋಗಿ ಮೂರು ಮಹಡಿಗೂ ಕೇಳುವಂತೆ ಕೂಗಿದಳು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಕಂಡುಹಿಡಿದ ಕೀರ್ತಿ ನನಗೆ ಪಾಲಾಗುತ್ತಿತ್ತಲ್ಲ.

ಅವ್ವ ಹೊಸ್ತಿಲಲ್ಲೇ ಟಿವಿಯನ್ನು ದಿಟ್ಟಿಸಿ ನೋಡಿದಳು. "ಅಯ್ಯ ನನ ಮಗನ, ವರ್ಷದಿಂದ ಅಕ್ಕಿಹಿಟ್ಟು ಎಲ್ಲಿ ಹೊಂಟದ ಅಂತಿದ್ನಿ!" ಎಂದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾಲ್ಕು ಗಂಟೆಗೆ ಅಂಗಡಿ ತೆಗೆದಾಗ ಮುಂದೆ ಮಕ್ಕಳ ಜಾತ್ರೆ. "ಭೂತಾ, ಲಾಭ ಅನ್ನು!" ಎಂದು ಒಂದೇ ಗದ್ದಲ. ಅಮಾವಾಸ್ಯೆ ಹತ್ತಿರವಿತ್ತು. ಇಬ್ಬರು ಹೆಂಗಸರು ಆ ಕೈಯಿಂದ ಅಳೆದ ಕಾಳು ಒಲ್ಲೆವೆಂದು ತಿರುಗಿ ಹೋದರಂತೆ. ಸಾವಕಾರರು ಕೂಗಾಡಲಿಲ್ಲ. ಹಣೆಯ ವಿಭೂತಿ ಮುಟ್ಟಿಕೊಂಡು ಇಷ್ಟೇ ಹೇಳಿದರಂತೆ: "ತಮ್ಮಾ, ನಿಮ್ಮಪ್ಪ ನಿಂತ ಜಾಗ ಇದು. ಮುಂಜಾನೆ ಲಕ್ಷ್ಮೀ, ಮಧ್ಯಾಹ್ನ ಭೂತ ಅಂದ್ರ ಆಗೂದಿಲ್ಲ. ಯಾವುದು ಬೇಕು ನೋಡ್ಕೋ."

ನೋಡಿಕೊಳ್ಳಲು ಏನಿತ್ತು? ಮನೆಯಲ್ಲಿ ಮೂರು ಹೊಟ್ಟೆ. ಅಣ್ಣ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟ. ಆ ಸಂಜೆ ಮೆಟ್ಟಿಲ ಮೇಲೆ ಕೂತು ತನ್ನಷ್ಟಕ್ಕೆ ಒಂದು, ಒಂದು, ಒಂದು ಎಂದು ಹೇಳಿಕೊಳ್ಳುತ್ತಿದ್ದ. ನಾನು ಚಹಾ ಕೊಟ್ಟೆ. "ಯಾರ ತಪ್ಪೂ ಅಲ್ಲ ಬಿಡು. ನನ್ನ ನಾಲಿಗೀನ ನನಗ ಕೈ ಕೊಡ್ತು," ಅಂದ. ಬಾಯಿ ತೆಗೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು "ಸಕ್ರಿ ಸಾಕೇನು?" ಎಂದು ಕೇಳಿದೆ.

ಮುಂದಿನ ಕೆಲವು ವಾರ ಕೇಬಲ್‌ನವನೇ ಕಂಬಳಿ ಹೊದ್ದು ಕೂತ. ಬಾಯಲ್ಲಿ ತಂಬಾಕು ಇಟ್ಟುಕೊಂಡ ದೆವ್ವ ಅದು. ನಡುವೆ ಎದ್ದು ಉಗುಳಲು ಹೋಗುತ್ತಿತ್ತು. ಜನ ಮತ್ತೆ ಮಧ್ಯಾಹ್ನ ಮಲಗತೊಡಗಿದರು. ಆಮೇಲೆ ದೊಡ್ಡ ದೊಡ್ಡ ಚಾನೆಲ್ಲುಗಳು ಬಂದವು. ಅವುಗಳ ದೆವ್ವಗಳು ಯಾರ ಹಪ್ಪಳದ ಚಿಂತೆಯನ್ನೂ ಮಾಡುವುದಿಲ್ಲ. ನನ್ನ ದಿವಾನಿನ ವೈಭವವೂ ಅದೊಂದೇ ಶನಿವಾರಕ್ಕೆ ಮುಗಿಯಿತು. ಮರುವಾರ ಕಾಕೂ ನನ್ನನ್ನು ಕರೆಯುವುದನ್ನು ಮರೆತಳು. ಹೊಸ್ತಿಲಾಚೆ ಕೂತೆ.

ವರ್ಷಗಳು ಹೋದವು. ಕತೆ ನಗೆಮಾತಾಯಿತು. ಆದರೆ ಅಣ್ಣನ ಮಟ್ಟಿಗೆ ಅದು ಪೂರಾ ನಗೆಮಾತಾಗಲಿಲ್ಲ. ನನ್ನ ಮದುವೆಯಲ್ಲಿ ನಾಲ್ಕು ಮಾತಾಡು ಎಂದರೆ ಪಂಗತಿಯಲ್ಲಿ ಬಡಿಸಲು ಹೋಗಿಬಿಟ್ಟ. ತನ್ನ ಮಗಳ ಶಾಲೆಯಲ್ಲಿ ಪಾಲಕರು ಎದ್ದು ಹೆಸರು ಹೇಳಬೇಕೆಂದರೆ ಹೆಂಡತಿಯನ್ನು, ನಮ್ಮ ವೈನಿಯನ್ನು, ಎಬ್ಬಿಸಿದ. "ನನ್ನ ನಾಲಿಗಿ ನನ್ನ ಮಾತು ಕೇಳಂಗಿಲ್ಲರೀ," ಎಂದು ನಗುತ್ತಲೇ ಹೇಳುತ್ತಿದ್ದ. ಪೇಠೆಗೆ ಪೇಠೆಯನ್ನೇ ಹಿಡಿದು ಕೂರಿಸಿದ ನಾಲಿಗೆ ಅದು. ಅದರ ಮೇಲೆ ಅಪನಂಬಿಕೆ ಹುಟ್ಟಿಸಿದವಳು ಎದುರಿಗೇ ಕೂತು ಹೋಳಿಗೆ ತಿನ್ನುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ನದಿಯ ಆಚೆ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದೆ, ಈಗಲೂ ಮಾರುತ್ತೇನೆ. ಪ್ರತಿ ತಿಂಗಳು ಅಣ್ಣ ತಾನೇ ಕೇರಿ, ಹರಳು ಆರಿಸಿ, ಜೋಳದ ಚೀಲ ಕಳಿಸುತ್ತಿದ್ದ. ನಮ್ಮ ಕನ್ನಡದವರ ಮಂಡಳಿಯಲ್ಲಿ ಮಕ್ಕಳ ಕಾರ್ಯಕ್ರಮ ಮಾಡುವುದಿತ್ತು. ನಮ್ಮದೇ ಪೇಠೆಯಲ್ಲಿ ಬೆಳೆದ ಹೆಣ್ಣುಮಗಳೊಬ್ಬಳು ಬಂದು ಹೇಳಿದಳು, "ಅಕ್ಕಾರ, ಆ ದುಪಾರಿ ಭೂತ ನಿಮ್ಮ ಅಣ್ಣಾರ ಅಲ್ರಿ? ಒಂದ ತಾಸು ಬಂದು ಕಥಿ ಹೇಳ್ಲಿರಿ. ನಮ್ಮ ಮಕ್ಕಳು ಅಂಥಾ ಭೂತ ನೋಡೇ ಇಲ್ಲ."

ಅಣ್ಣನನ್ನು ಕೇಳಿದೆ. ಅವನ ಮುಖ ಒಂದು ಗಳಿಗೆ ಬೆಳಗಿತು, ನಾನು ನೋಡಿದೆ. ಆಮೇಲೆ ಆರಿತು. "ಬ್ಯಾಡ ತಂಗಿ. ನಾಕ ಮಂದಿ ಮುಂದ ನನ್ನ ನಾಲಿಗಿ ನಂಬೋ ಹಂಗಿಲ್ಲ. ಗೊತ್ತದಲ್ಲ ನಿನಗ."

ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿತ್ತು. ಕಾಕೂ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನಾನು ಹೇಳದಿದ್ದರೆ ಈ ಮನುಷ್ಯ ಸಾಯುವವರೆಗೆ ತನ್ನ ನಾಲಿಗೆಯನ್ನೇ ಬೈಯುತ್ತಾನೆ.

ಮರುದಿನ ಒಂದೂವರೆಗೆ ಅಂಗಡಿಗೆ ಹೋದೆ. ಬಾಗಿಲು ಅರ್ಧ ಎಳೆದಿತ್ತು. ಅಣ್ಣ ಚೀಲಗಳ ಮೇಲೆ ಕಾಲು ಚಾಚಿ ಕೂತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಗುರುವಾರ, ನಲ್ಲಿ, ಕಾಕೂ, ಕೇಳಿ ಪಡೆದ ಜಾಗ. ಅವನು ಚೀಲದ ಹೊಲಿಗೆಯನ್ನು ಉಗುರಿನಿಂದ ಕೆದರುತ್ತಿದ್ದ.

"ಹಂಗಾರ ನಾ ಲಾಭ ಅಂದಿದ್ದಕ್ಕ ಯಾರಿಗೂ ಗೊತ್ತಾಗಿದ್ದಿಲ್ಲ?"

"ಯಾರಿಗೂ ಇಲ್ಲಣ್ಣಾ. ಮಂತ್ರ ಅಂದ್ಕೊಂಡು ಸುಮ್ಮ ಕುಂತಿದ್ರು."

"ಭಂಡಾರ ಮುಟ್ಟಿದ್ದಿ."

"ಹೂಂ."

"ದಿವಾನು ಮೆತ್ತಗಿತ್ತೇನು?"

"ಇಲ್ಲ. ಕೆಳಗ ಹಲಗಿ ಇತ್ತು. ಮ್ಯಾಲೆ ಬರೇ ಚಾದರ," ಅಂದೆ.

"ಹಲಗೀ ಸಲುವಾಗಿ ಮಾರಿದೇನು ನನ್ನ?" ಎಂದ. ಚಪ್ಪಲಿ ಮೆಟ್ಟಿಕೊಂಡು ಹಿಂಬಾಗಿಲಿನಿಂದ ಹೊರಟುಹೋದ. ಇನ್ನೂ ನಾಲ್ಕು ಗಂಟೆಯಾಗಿರಲಿಲ್ಲ; ಊರೆಲ್ಲ ಮಲಗಿದ್ದ ಆ ಹೊತ್ತಿನಲ್ಲಿ ಎಲ್ಲಿಗೆ ಹೋದನೋ ಗೊತ್ತಿಲ್ಲ. ನಾನೇ ಬಾಗಿಲು ಎಳೆದು ಬಂದೆ.

ಎರಡು ವಾರ ಮಾತಿಲ್ಲ. ತಿಂಗಳ ಜೋಳ ಮಾತ್ರ ಬಂತು, ಹಮಾಲನ ಬೆನ್ನ ಮೇಲೆ. ಬಿಚ್ಚಿ ನೋಡಿದರೆ ಕೇರಿಲ್ಲ, ಆರಿಸಿಲ್ಲ. ಹರಳು, ಹೊಟ್ಟು, ಮಣ್ಣಿನ ಹೆಂಟೆ, ಚೀಲ ಹೊಲಿಯುವ ಸುತ್ತಲಿ ದಾರದ ಒಂದು ತುಂಡು. ಅಷ್ಟು ವರ್ಷದಲ್ಲಿ ಮೊದಲ ಸಲ. ಮೊರ ಹಿಡಿದು ಕೂತೆ. ನನ್ನ ಗಂಡ, "ಏನು ನಿಮ್ಮಣ್ಣಾರು, ಹಾದಿ ಮ್ಯಾಲಿನ ಜೋಳ ಕೂಡಿಸಿ ಕಳಿಸ್ಯಾರೇನು?" ಎಂದು ಕೇಳಿದರು. ಸುಮ್ಮನಿರಿ ಎಂದೆ. ಎಷ್ಟೋ ದಿನಗಳ ಮೇಲೆ ನನಗೆ ಹಗುರವೆನಿಸಿತ್ತು. ಒಂದೊಂದೇ ಹರಳನ್ನು ಬಟ್ಟಲಿಗೆ ಹಾಕುತ್ತ ಮೂರು ಮಧ್ಯಾಹ್ನ ಕಳೆದೆ. ರೊಟ್ಟಿಯ ಗಿರಾಕಿಗಳು ಕಾದರು.

ಶನಿವಾರ ಬಂತು. ಒಂದೂವರೆ ಇರಬೇಕು, ಫೋನು ರಿಂಗಾಯಿತು. ಎತ್ತಿದೆ. ಬಾವಿಯ ತಳದಿಂದ ಬಂದಂತೆ ಒಂದು ದನಿ, ಗಡಗಡ, ತಗಡಿನ ಗುಂಗು ಹಿಡಿದುಕೊಂಡು ಬಂತು.

"ಜೋಳದಾಗ... ಹರಳು... ಎಷ್ಟು ಬಂದ್ವು?"

"ಎಣಿಸಿಲ್ಲಣ್ಣಾ."

"ಎಣಿಸು."

ಹರಳಿನ ಬಟ್ಟಲು ಪಕ್ಕದಲ್ಲೇ ಇತ್ತು. ಫೋನನ್ನು ಹೆಗಲಿಗೆ ಒತ್ತಿಕೊಂಡು ಒಂದು ಹರಳು ಎತ್ತಿ ನೆಲದ ಮೇಲಿಟ್ಟೆ. "ಲಾಭ," ಅಂದೆ.

ಆ ಕಡೆ ಡಬ್ಬಿಯೊಳಗಿಂದ ಹ್ಹ ಹ್ಹ ಹ್ಹಾ ಶುರುವಾಯಿತು. ಮೊದಲು ದೆವ್ವದ ನಗು, ನಡುವೆ ಕೆಮ್ಮು, ಕೊನೆಗೆ ಬರೀ ಅಣ್ಣನ ನಗು. ಹಿಂದಿನಿಂದ ವೈನಿ "ಏನ್ರೀ ಅದು, ತುಕ್ಕಿನ ಡಬ್ಬಿ ಬಾಯಿಗಿ ಹಚ್ಕೊಂಡು" ಎಂದು ಬೈಯುವುದು ಕೇಳಿಸಿತು.

"ಆ ಮಕ್ಕಳ ಕಾರ್ಯಕ್ರಮಕ್ಕ ಯಾರನ್ನರ ಗೊತ್ತು ಮಾಡ್ಯಾರೇನು?" ಈಗ ಡಬ್ಬಿ ಇಲ್ಲದ ದನಿ.

"ಯಾರೂ ಸಿಕ್ಕಿಲ್ಲ."

"ಹಂಗಾರ ಹುಣಸೀಹಣ್ಣು ತಗೊಂಡು ಬಾ. ಡಬ್ಬಿಗೆ ಭಾಳ ತುಕ್ಕು ಹಿಡದದ. ನಾ ತಿಕ್ಕಂಗಿಲ್ಲ, ನೀನ ಕುಂತು ತಿಕ್ಕಬೇಕು. ಮತ್ತ ನೆಲದ ಮ್ಯಾಲೆ ಕುಂದ್ರು. ನಮ್ಮ ಮನ್ಯಾಗ ದಿವಾನು ಇಲ್ಲ."